ದಿನ ತುಂಬದೆ ಹುಟ್ಟಿದ ಮಗುವಿಗೆ ಬಾಯಲ್ಲಿ ಹಾಲು ಕುಡಿಯಲು ಕಲಿಸುವುದು: ಟ್ಯೂಬಿನಿಂದ ಒಳಲೆಗೆ, ಒಳಲೆಯಿಂದ ಎದೆಗೆ

"ಎನ್‌ಐಸಿಯುನಲ್ಲಿ ಚೆನ್ನಾಗಿ ಕುಡೀತಿತ್ತು, ಮನೆಗೆ ಬಂದ ಮೇಲೆ ಕುಡೀತಾನೇ ಇಲ್ಲ." ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಫಾಲೋ-ಅಪ್ ದಿನ ಹೊರಗಿನ ಬೆಂಚಿನ ಮೇಲೆ ಕೂತರೆ ಈ ಮಾತು ಕಿವಿಗೆ ಬೀಳುತ್ತದೆ. ಎನ್‌ಐಸಿಯು ಅಂದರೆ ಆಗತಾನೆ ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕ. ಇನ್ನೊಂದು ದೂರು ಹೀಗಿರುತ್ತದೆ: "ಡಾಕ್ಟ್ರು 25 ಎಂಎಲ್ ಕುಡಿಸಿ ಅಂದ್ರು, ಇವನು ಹತ್ತಕ್ಕೇ ಬಾಯಿ ಮುಚ್ಚಿಬಿಡ್ತಾನೆ." ಎರಡಕ್ಕೂ ಕಾರಣ ಬಹುಪಾಲು ಒಂದೇ. ನಮ್ಮ ಕಣ್ಣು ಎಂಎಲ್ ಮೇಲಿರುತ್ತದೆ, ಮಗುವಿನ ಉಸಿರಿನ ಮೇಲಿರುವುದಿಲ್ಲ.

ಹಾಲು ಕುಡಿಯುವುದರಲ್ಲಿ ಮೂರು ಕೆಲಸಗಳಿವೆ. ಚೀಪಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ನುಂಗುವ ಕ್ಷಣದಲ್ಲಿ ಉಸಿರು ನಿಲ್ಲುತ್ತದೆ, ಆಮೇಲೆ ಮತ್ತೆ ಶುರುವಾಗುತ್ತದೆ. ಬೇಗ ಹುಟ್ಟಿದ ಮಗುವಿಗೆ ಚೀಪಲು ಬರುತ್ತದೆ, ನುಂಗಲೂ ಬರುತ್ತದೆ. ಮೂರನ್ನೂ ಒಂದೇ ತಾಳಕ್ಕೆ ಕೂಡಿಸಲು ಮಾತ್ರ ಬರುವುದಿಲ್ಲ. ಕಲಿಸಬೇಕಾಗಿರುವುದು ಇದನ್ನೇ. ಅದಕ್ಕೊಂದು ಕ್ರಮ ಇದೆ, ಕ್ರಮ ತಪ್ಪಿಸಿದರೆ ಹಾಲು ನೆತ್ತಿಗೇರುತ್ತದೆ.

ಇಲ್ಲಿ ಬರೆದಿರುವುದು 28ರಿಂದ 36 ವಾರದ ನಡುವೆ ಹುಟ್ಟಿ, ಈಗ ಉಸಿರಾಟ ಹತೋಟಿಗೆ ಬಂದಿರುವ ಮಕ್ಕಳಿಗೆ. ಹೃದಯದ ತೊಂದರೆ ಅಥವಾ ಸೀಳು ಅಂಗಳ (ಬಾಯಿಯ ಒಳಗಿನ ಮೇಲ್ಭಾಗ ಸೀಳಿರುವುದು) ಇದ್ದರೆ, ಬಹಳ ದಿನ ವೆಂಟಿಲೇಟರ್ ಮೇಲಿದ್ದರೆ ಕ್ರಮ ಬೇರೆ. ಅಂಥ ಮಗುವಿಗೆ ಡಾಕ್ಟರ್ ಜೊತೆಗೆ ನುಂಗುವಿಕೆಯ ತರಬೇತಿ ಇರುವ ಸ್ಪೀಚ್ ಥೆರಪಿಸ್ಟ್ ಬೇಕು. ಎನ್‌ಐಸಿಯು ಒಳಗೆ ಏನು ಮಾಡುವುದಿದ್ದರೂ ಸಿಸ್ಟರ್ ಪಕ್ಕದಲ್ಲಿರಲಿ.

ಶುರು ಮಾಡುವ ಮೊದಲು: ಕೈಯಲ್ಲಿ ಏನಿರಬೇಕು

ಉದ್ದ ಮೂತಿಯ ಒಳಲೆ ಎರಡು ಇರಲಿ. ಆಸ್ಪತ್ರೆಯಲ್ಲಿ ಪಲಾಡೈ ಎನ್ನುವುದೂ ಇದನ್ನೇ. ಬೆಳ್ಳಿಯದೇ ಆಗಬೇಕೆಂದಿಲ್ಲ, ಸ್ಟೀಲ್ ಸಾಕು. ಮೂತಿಯ ಒಳಗೆ ಬೆರಳಾಡಿಸಿ ನೋಡಿ, ಅಂಚು ಚೂಪಾಗಿರಬಾರದು. ಅಜ್ಜಿ ಕಾಲದ್ದಾದರೆ ಮೂತಿಯ ಬೆಸುಗೆಯಲ್ಲಿ ಕಪ್ಪು ಕಟ್ಟಿರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದನ್ನು ಪೂಜೆ ಸಾಮಾನಿನ ಜೊತೆಗೇ ಇಟ್ಟುಬಿಡಿ.

ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ಬೇಕು. ಅದು ಹಾಲು ಅಳೆಯಲು ಮಾತ್ರ, ಬಾಯಿಗೆ ಒತ್ತಲು ಅಲ್ಲ. ಮುಚ್ಚಳವಿರುವ ಸ್ಟೀಲ್ ಬಟ್ಟಲು, ಮೆತ್ತಗಿನ ಹತ್ತಿ ಬಟ್ಟೆ, ಡಿಜಿಟಲ್ ಥರ್ಮಾಮೀಟರ್, ಸೆಕೆಂಡ್ ಮುಳ್ಳಿರುವ ಗಡಿಯಾರ, ಒಂದು ನೋಟ್‌ಬುಕ್ ಇಷ್ಟಿದ್ದರೆ ಆಯಿತು. ಒಳಲೆ, ಬಟ್ಟಲುಗಳನ್ನು ಪ್ರತಿ ಸಲ ಸೋಪಿನಲ್ಲಿ ತೊಳೆದು, ಮುಳುಗುವಷ್ಟು ನೀರಿನಲ್ಲಿ 20 ನಿಮಿಷ ಕುದಿಸಿ. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಕುದಿಸಿದ ಹಾಗಲ್ಲ.

ಹಂತ 1: ವಾರದ ಲೆಕ್ಕ ಹಾಕಿ

ಮಗು ಹುಟ್ಟಿ ಎಷ್ಟು ದಿನವಾಯಿತು ಎನ್ನುವುದು ಇಲ್ಲಿ ಮುಖ್ಯವಲ್ಲ. ಹುಟ್ಟುವಾಗ ಗರ್ಭಕ್ಕೆ ಎಷ್ಟು ವಾರವಾಗಿತ್ತೋ ಅದಕ್ಕೆ ಹುಟ್ಟಿದ ಮೇಲಿನ ವಾರಗಳನ್ನು ಕೂಡಿಸಿ. 29 ವಾರಕ್ಕೆ ಹುಟ್ಟಿ ನಾಲ್ಕು ವಾರ ಕಳೆದಿದ್ದರೆ ಈಗ 33 ವಾರ. ಮುಂದೆ ಎಲ್ಲೆಲ್ಲಿ ವಾರ ಎಂದಿದೆಯೋ ಅದು ಈ ಕೂಡಿಸಿದ ಲೆಕ್ಕ.

28ರಿಂದ 31 ವಾರದವರೆಗೆ ಸಾಮಾನ್ಯವಾಗಿ ಮೂಗು ಅಥವಾ ಬಾಯಿಂದ ಹೊಟ್ಟೆಗೆ ಇಳಿಸಿದ ಟ್ಯೂಬಿನಲ್ಲೇ ಹಾಲು ಕೊಡುತ್ತಾರೆ. 32ರಿಂದ 34ರ ನಡುವೆ ಒಳಲೆ ಅಥವಾ ಚಮಚ ಶುರುವಾಗುತ್ತದೆ. 34 ದಾಟಿದ ಮೇಲೆ ಬಹುಪಾಲು ಮಕ್ಕಳು ಎದೆಹಾಲು ಚೀಪಿ ಕುಡಿಯಲು ತಯಾರಾಗುತ್ತಾರೆ. ಆದರೆ ಎಲ್ಲ ಮಕ್ಕಳೂ ಇದೇ ಲೆಕ್ಕಕ್ಕೆ ನಡೆಯುವುದಿಲ್ಲ. 33 ವಾರಕ್ಕೇ ಎದೆ ಹಿಡಿಯುವ ಮಗುವೂ ಇದೆ, 36 ಆದರೂ ಅರ್ಧಕ್ಕೆ ಸುಸ್ತಾಗುವ ಮಗುವೂ ಇದೆ. ಪಕ್ಕದ ಬೆಡ್ಡಿನ ಮಗುವಿನ ಜೊತೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ.

ಹಂತ 2: ಮಗು ಕುಡಿಯುವ ಮೊದಲೇ ಹಾಲು ಇಳಿಸಿಡಿ

ಎಷ್ಟೋ ಮನೆಗಳಲ್ಲಿ ತಪ್ಪುವ ಹಂತ ಇದು. ಮಗು ಟ್ಯೂಬಿನಲ್ಲಿದೆ, ಹೇಗೂ ಚೀಪುತ್ತಿಲ್ಲ, ಹಾಲು ಆಮೇಲೆ ನೋಡೋಣ ಎಂದುಕೊಳ್ಳುತ್ತಾರೆ. ಮೂರು ವಾರ ಬಿಟ್ಟು ಮಗು ಎದೆಗೆ ಬರುವ ಹೊತ್ತಿಗೆ ಹಾಲು ಬತ್ತಿರುತ್ತದೆ. ಆಗ ಮಗುವಿಗೆ ಕುಡಿಯಲು ಬರುವುದಿಲ್ಲ ಎಂದು ದೂರುತ್ತಾರೆ. ಎದೆಯಲ್ಲಿ ಹಾಲಿಲ್ಲದಿದ್ದರೆ ಅದು ಏನು ಕುಡಿಯಬೇಕು?

ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಕೈಯಿಂದ ಹಾಲು ಹಿಂಡಲು ಶುರು ಮಾಡಿ. ದಿನಕ್ಕೆ ಎಂಟರಿಂದ ಹತ್ತು ಸಲ ಆಗಬೇಕು, ರಾತ್ರಿ ಒಂದು ಸಲವಾದರೂ ತಪ್ಪಬಾರದು. ಮೊದಲ ದಿನ ಬರುವುದು ಕೆಲವೇ ಹನಿ, ಹಳದಿ, ಗಟ್ಟಿ. ಅದನ್ನು ಚೆಲ್ಲಬೇಡಿ. ಬಾಯಿಂದ ಏನೂ ಕೊಡದ ಮಗುವಿಗೂ ಆ ಹನಿಯನ್ನು ಕೆನ್ನೆಯ ಒಳಗೆ ಸವರುವ ಪದ್ಧತಿ ಅನೇಕ ಎನ್‌ಐಸಿಯುಗಳಲ್ಲಿದೆ, ಕೇಳಿ ನೋಡಿ.

ಹಿಂಡುವಾಗ ಹೆಬ್ಬೆರಳು ಮೇಲೆ, ಉಳಿದ ಬೆರಳುಗಳು ಕೆಳಗೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಿಂದ ಸ್ವಲ್ಪ ಹಿಂದೆ ಇರಲಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು. ತೊಟ್ಟನ್ನು ಹಿಚುಕಿದರೆ ನೋವು ಬರುತ್ತದೆ, ಹಾಲು ಬರುವುದಿಲ್ಲ.

ಹಿಂಡಿದ ಹಾಲು ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಎಂದು ಇಟ್ಟುಕೊಳ್ಳಿ. ಫ್ರಿಜ್‌ನ ಬಾಗಿಲಲ್ಲಿ ಬೇಡ, ಒಳಗೆ ಹಿಂಬದಿಯಲ್ಲಿಡಿ. ಏಪ್ರಿಲ್, ಮೇನಲ್ಲಿ ಕರೆಂಟ್ ಹೋಗಿ ಬರುವ ಏರಿಯಾ ನಿಮ್ಮದಾದರೆ ಪದೇ ಪದೇ ಬಾಗಿಲು ತೆಗೆಯಬೇಡಿ. ಕೆಂಗೇರಿಯಿಂದ ಬನ್ನೇರುಘಟ್ಟ ರಸ್ತೆಗೆ ಹಾಲು ಒಯ್ಯಬೇಕು ಅಂದರೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಹೋದರೂ ಹೋಯಿತು. ಐಸ್ ಪ್ಯಾಕ್ ಹಾಕಿದ ಡಬ್ಬಿಯಲ್ಲೇ ಒಯ್ಯಿರಿ. ಬಾಟಲಿಯ ಮೇಲೆ ತಾಯಿಯ ಹೆಸರು, ತಾರೀಖು, ಹಿಂಡಿದ ಹೊತ್ತು ಬರೆದಿರಲಿ.

ಹಾಲು ಸಾಲದಿದ್ದರೆ ಪಕ್ಕದ ಬಾಣಂತಿಯ ಹಾಲನ್ನು ನೇರವಾಗಿ ಕೊಡಬೇಡಿ. ತಾಯಿ ಹಾಲಿನ ಬ್ಯಾಂಕಿನಲ್ಲಿ ಕೊಡುವವರ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕೊಡುತ್ತಾರೆ. ಬೆಂಗಳೂರಿನಲ್ಲಿ ವಾಣಿ ವಿಲಾಸ ಆಸ್ಪತ್ರೆಯೂ ಸೇರಿ ಕೆಲವು ಕಡೆ ಇಂಥ ಬ್ಯಾಂಕ್ ಇದೆ. ನಿಮ್ಮ ಎನ್‌ಐಸಿಯು ಡಾಕ್ಟರ್ ಮೂಲಕವೇ ವಿಚಾರಿಸಿ.

ಹಂತ 3: ಎದೆಗೆ ಅಂಟಿಸಿ, ಬಾಯಿಗೆ ಅಭ್ಯಾಸ ಮಾಡಿಸಿ

ಟ್ಯೂಬ್ ಇರುವಾಗಲೇ ಈ ಹಂತ ಶುರು. ಕಾಂಗರೂ ಆರೈಕೆ ಅಂದರೆ ಟೋಪಿ, ಸಾಕ್ಸ್, ಡೈಪರ್ ಬಿಟ್ಟು ಬೇರೆ ಬಟ್ಟೆ ಇಲ್ಲದೆ ಮಗುವನ್ನು ಅಪ್ಪ ಅಥವಾ ಅಮ್ಮನ ಬರಿ ಎದೆಗೆ ನೆಟ್ಟಗೆ ಮಲಗಿಸುವುದು. ದಿನಕ್ಕೆ 8ರಿಂದ 24 ಗಂಟೆ, ಎಷ್ಟು ಸಾಧ್ಯವೋ ಅಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಹತ್ತು ನಿಮಿಷ ಫೋಟೋಗೆ ಕೂತರೆ ಅದು ಕಾಂಗರೂ ಆರೈಕೆ ಅಲ್ಲ. ಒಂದು ಸಲ ಎತ್ತಿಕೊಂಡರೆ ಒಂದು ಗಂಟೆಯಾದರೂ ಬಿಡಬೇಡಿ. ಬೆಚ್ಚಗಿರುವ ಮಗುವಿಗೆ ಮೈ ಕಾಯಿಸಿಕೊಳ್ಳಲು ಶಕ್ತಿ ಖರ್ಚಾಗುವುದಿಲ್ಲ, ಆ ಶಕ್ತಿ ಕುಡಿಯಲು ಉಳಿಯುತ್ತದೆ.

ಆಮೇಲೆ ಖಾಲಿ ಎದೆಯ ಅಭ್ಯಾಸ. ತಾಯಿ ಮೊದಲು ಹಾಲು ಪೂರ್ತಿ ಹಿಂಡಿಬಿಡಬೇಕು. ಸಿಸ್ಟರ್ ಟ್ಯೂಬಿನಲ್ಲಿ ಹಾಲು ಇಳಿಸುವ ಹೊತ್ತಿಗೆ ಮಗುವಿನ ಬಾಯಿಯನ್ನು ಆ ಖಾಲಿ ಎದೆಗೆ ಹತ್ತಿಸಬೇಕು. ಮಗು ನೆಕ್ಕಬಹುದು, ನಾಲ್ಕು ಸಲ ಚೀಪಬಹುದು, ಸುಮ್ನೆ ಮೂಸಿ ಮಲಗಲೂಬಹುದು. ಮೂರೂ ಸರಿಯೇ. ಚೀಪುವುದಕ್ಕೂ ಹೊಟ್ಟೆ ತುಂಬುವುದಕ್ಕೂ ನಂಟಿದೆ ಎಂದು ಮಗುವಿಗೆ ಗೊತ್ತಾಗುತ್ತದೆ. ಹಾಲಿನ ಹರಿವು ಇಲ್ಲದ ಕಾರಣ ನೆತ್ತಿಗೇರುವ ಭಯವೂ ಕಡಿಮೆ. ಹೀಗೆ ಚೀಪಿ ಅಭ್ಯಾಸವಾದ ಮಕ್ಕಳು ಟ್ಯೂಬಿನಿಂದ ಬಾಯಿಗೆ ಬೇಗ ಬರುತ್ತಾರೆ ಎನ್ನುವುದು ಅಧ್ಯಯನಗಳಲ್ಲೂ ಕಂಡಿದೆ. ಇದನ್ನು ಹಾರಿಸಿ ನೇರ ಒಳಲೆಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಹಂತ 4: ಮಗುವಿನ ಮುಖ ಓದಲು ಕಲಿಯಿರಿ

ಒಳಲೆ ಮುಟ್ಟುವ ಮೊದಲು ಎರಡು ದಿನ ಬರೀ ನೋಡಿ. ಈ ಮಕ್ಕಳು ಹಸಿವಾದರೆ ಜೋರಾಗಿ ಅಳುವುದಿಲ್ಲ. ಅಳುವಷ್ಟು ಶಕ್ತಿ ಇರುವುದಿಲ್ಲ. ಮೆತ್ತಗೆ ಹೇಳುತ್ತವೆ: ಕಣ್ಣು ತೆರೆಯುತ್ತದೆ, ಕೈ ಬಾಯಿಗೆ ಬರುತ್ತದೆ, ನಾಲಿಗೆ ಹೊರಗೆ ಇಣುಕುತ್ತದೆ, ಕೆನ್ನೆ ಮುಟ್ಟಿದ ಕಡೆಗೆ ತಲೆ ತಿರುಗುತ್ತದೆ. ಈ ಹೊತ್ತು ಕೆಲವೇ ನಿಮಿಷ ಇರುತ್ತದೆ. ಆಗ ನೀವು ಹಾಲು ಬೆಚ್ಚಗೆ ಮಾಡಲು ಹೋದರೆ ವಾಪಸ್ ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ಹಾಗಾಗಿ ಫೀಡ್ ಹೊತ್ತಿಗೆ ಕಾಲು ಗಂಟೆ ಮುಂಚೆ ಎಲ್ಲ ತಯಾರಿರಲಿ.

ಸಾಕು ಎನ್ನುವ ಸೂಚನೆ ಇದಕ್ಕಿಂತ ಮುಖ್ಯ. ಬೆರಳುಗಳು ನಕ್ಷತ್ರದ ಹಾಗೆ ಅಗಲವಾಗಿ ಬಿಚ್ಚಿಕೊಳ್ಳುತ್ತವೆ. ಹುಬ್ಬು ಮೇಲೇರಿ ಗಾಬರಿಯಾದ ಹಾಗೆ ಕಾಣುತ್ತದೆ. ಹಣೆ ಸುಕ್ಕಾಗುತ್ತದೆ. ಬಿಕ್ಕಳಿಕೆ ಬರುತ್ತದೆ. ಹಾಲು ಬಾಯಿಯ ಅಂಚಿನಿಂದ ಸೋರುತ್ತದೆ. ತಲೆ ಆ ಕಡೆ ತಿರುಗುತ್ತದೆ. ಕೈಕಾಲು ಜೋಲು ಬೀಳುತ್ತದೆ. ಇದರಲ್ಲಿ ಯಾವುದು ಕಂಡರೂ ಹಾಲು ನಿಲ್ಲಿಸಿ, ಮಗುವನ್ನು ನೆಟ್ಟಗೆ ಎತ್ತಿಕೊಳ್ಳಿ. ಉಸಿರು ಮೊದಲಿನ ಹಾಗೆ ಆಯಿತಾ ನೋಡಿ. ಆಯಿತು ಅಂದರೆ ಮುಂದುವರಿಸಬಹುದು. ಎರಡನೇ ಸಲವೂ ಹಾಗೇ ಆದರೆ ಬಾಯಿಯಲ್ಲಿ ಕುಡಿಸುವುದು ಅಲ್ಲಿಗೆ ಮುಗಿಯಿತು. ಉಳಿದದ್ದು ಟ್ಯೂಬಿನಲ್ಲಿ ಹೋಗಲಿ.

ತುಟಿಯ ಸುತ್ತ ನೀಲಿ ಅಥವಾ ಬೂದು ಬಣ್ಣ, ಮೂಗಿನ ಹೊಳ್ಳೆ ಅರಳುವುದು, ಪಕ್ಕೆ ಒಳಗೆ ಎಳೆಯುವುದು, ಪ್ರತಿ ಉಸಿರಿಗೂ ನರಳುವುದು ಇವು ಸುಸ್ತಿನ ಸೂಚನೆಗಳಲ್ಲ, ಅಪಾಯದವು. ಎನ್‌ಐಸಿಯುನಲ್ಲಿದ್ದರೆ ತಕ್ಷಣ ಸಿಸ್ಟರ್‌ನ ಕರೆಯಿರಿ. ಮಾನಿಟರ್ ಬಡಿದುಕೊಂಡ ಮೇಲೆ ಕರೆಯೋಣ ಎಂದು ಕಾಯಬೇಡಿ. ಮಾನಿಟರ್‌ಗಿಂತ ಮೊದಲು ಮುಖದಲ್ಲೇ ಗೊತ್ತಾಗುತ್ತದೆ.

ಹಂತ 5: ಒಳಲೆ

ಎಷ್ಟು ಕೊಡಬೇಕು ಎನ್ನುವುದನ್ನು ಡಾಕ್ಟರ್ ಬರೆದಿರುತ್ತಾರೆ. ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಪೂರ್ತಿ ಫೀಡ್‌ಗೆ ಬಂದ ಮಗುವಿಗೆ ಕೆಜಿಗೆ ದಿನಕ್ಕೆ ಸುಮಾರು 150ರಿಂದ 180 ಎಂಎಲ್. ಒಂದೂವರೆ ಕೆಜಿ ಮಗುವಿಗೆ 160ರ ಲೆಕ್ಕದಲ್ಲಿ ದಿನಕ್ಕೆ 240 ಎಂಎಲ್. ಎರಡು ಗಂಟೆಗೊಮ್ಮೆ ಅಂದರೆ ಹನ್ನೆರಡು ಫೀಡ್, ಒಂದಕ್ಕೆ 20 ಎಂಎಲ್. ಆದರೆ ಮೊದಲ ದಿನವೇ ಆ 20 ಪೂರ್ತಿ ಒಳಲೆಯಲ್ಲಿ ಹೋಗಬೇಕೆಂದಿಲ್ಲ. ಐದು ಬಾಯಿಂದ, ಹದಿನೈದು ಟ್ಯೂಬಿನಿಂದ ಹೋದರೂ ಅದು ಒಳ್ಳೆಯ ಶುರು.

ಹಾಲು ಬೆಚ್ಚಗೆ ಮಾಡಲು ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಡಿ. ಗ್ಯಾಸ್ ಮೇಲೆ ನೇರವಾಗಿ ಬೇಡ, ಮೈಕ್ರೋವೇವ್ ಬೇಡವೇ ಬೇಡ. ಮಣಿಕಟ್ಟಿನ ಮೇಲೆ ಹನಿ ಹಾಕಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು.

ಈಗ ಕುಡಿಸುವುದು. ಇದನ್ನು ನಿಧಾನವಾಗಿ ಓದಿ.

1. ಕೈ ತೊಳೆಯಿರಿ. ಉಂಗುರ, ಬಳೆ, ವಾಚು ತೆಗೆದಿಡಿ. ಫ್ಯಾನ್ ಕೆಳಗೆ ಕೂರಬೇಡಿ. ಟಿವಿ ಆಫ್ ಇರಲಿ.

2. ಮಗುವನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಕೈಗಳು ಎದೆಯ ಮೇಲೆ ಕೂಡಿರಲಿ. ತೊಡೆಯ ಮೇಲೆ ಅರ್ಧ ಕೂತಂತೆ ಹಿಡಿಯಿರಿ. ನಿಮ್ಮ ಅಂಗೈ ಬೆನ್ನು, ಭುಜ, ಕುತ್ತಿಗೆಗೆ ಆಸರೆಯಾಗಿರಲಿ. ತಲೆ ಹಿಂದಕ್ಕೆ ಬಾಗಿದರೆ ಹಾಲು ಗಂಟಲಿಗೆ ತಾನಾಗಿ ಜಾರುತ್ತದೆ, ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮಡಚುತ್ತದೆ. ಎರಡರ ನಡುವೆ ಇರಲಿ. ಗದ್ದದ ಕೆಳಗೆ ಬಟ್ಟೆ ಇಡಿ.

3. ಸಿರಿಂಜ್‌ನಲ್ಲಿ ಅಳೆದು ಒಳಲೆಗೆ ಹಾಕಿ. ಕುಡಿಸುವಾಗ ಮೂತಿಯ ತುದಿಯಲ್ಲಿ ಯಾವಾಗಲೂ ಹಾಲಿರಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಹೋಗುತ್ತದೆ.

4. ಮೂತಿಯನ್ನು ಬಾಯಿಯ ಒಂದು ಮೂಲೆಯಲ್ಲಿ, ಕೆಳತುಟಿಯ ಮೇಲೆ ಹಗುರವಾಗಿ ಇಡಿ. ನಾಲಿಗೆಯ ಮೇಲೆ ಒತ್ತಬೇಡಿ, ಗಂಟಲ ಕಡೆಗೆ ತೂರಿಸಬೇಡಿ. ಹಾಲು ತುಟಿಗೆ ತಾಗುವಷ್ಟೇ ಬಾಗಿಸಿ, ನಿಲ್ಲಿಸಿ. ಮಗು ನಾಲಿಗೆ ಚಾಚಿ ನೆಕ್ಕಲಿ.

5. ಕೆಲವೇ ಹನಿ ಕೊಡಿ. ಗಂಟಲು ಆಡಿತಾ, ನುಂಗಿತಾ? ನುಂಗಿದ ಮೇಲೆ ಉಸಿರಾಡಿತಾ? ಎದೆ, ಹೊಟ್ಟೆ ಏರಿಳಿಯುವುದು ಕಾಣಬೇಕು. ಕಂಡ ಮೇಲೆ ಮುಂದಿನ ಹನಿ. ಕಾಣುವ ಮೊದಲು ಇನ್ನೊಂದು ಹನಿ ಬಿದ್ದರೆ ಅದು ಎಲ್ಲಿಗೆ ಹೋಗುತ್ತದೋ ನಿಮಗೂ ಗೊತ್ತಿಲ್ಲ, ಮಗುವಿಗೂ ಗೊತ್ತಿಲ್ಲ.

6. ಐದಾರು ಎಂಎಲ್ ಆದ ಮೇಲೆ ನೆಟ್ಟಗೆ ಎತ್ತಿ, ಗದ್ದಕ್ಕೆ ಕೈ ಆಸರೆ ಕೊಟ್ಟು ಬೆನ್ನು ಸವರಿ. ತೇಗು ಬಂದರೆ ಸರಿ. ಬರದಿದ್ದರೆ ಬಡಿದು ಬರಿಸಬೇಕಾಗಿಲ್ಲ.

7. ಒಟ್ಟು 20ರಿಂದ 30 ನಿಮಿಷ ದಾಟಬಾರದು. ಅದಕ್ಕಿಂತ ಹೆಚ್ಚು ಹೊತ್ತು ಕೂರಿಸಿದರೆ ಕುಡಿದ ಹಾಲಿನ ಶಕ್ತಿಯೆಲ್ಲ ಕುಡಿಯುವ ಶ್ರಮಕ್ಕೇ ಹೋಗುತ್ತದೆ. ತೂಕ ಏರುವುದು ಹೇಗೆ ಮತ್ತೆ?

8. ಒಳಲೆಯಲ್ಲಿ ಉಳಿದದ್ದು, ಬಟ್ಟೆಗೆ ಸೋರಿದ್ದು ಎರಡನ್ನೂ ಕಳೆದು ನೋಟ್‌ಬುಕ್‌ನಲ್ಲಿ ಬರೆಯಿರಿ. ಬಟ್ಟೆ ತೊಯ್ದು ತೊಪ್ಪೆಯಾಗಿದ್ದರೂ ಪೂರ್ತಿ 20 ಕುಡಿತು ಎಂದು ಬರೆಯುವವರಿದ್ದಾರೆ. ಆಮೇಲೆ ತೂಕ ಯಾಕೆ ಏರಿಲ್ಲ ಎಂದು ಹುಡುಕುತ್ತಾರೆ.

ಕೆನ್ನೆ ಹಿಚುಕಿ ಬಾಯಿ ತೆರೆಸುವುದು, ಮೂಗು ಹಿಡಿಯುವುದು, ಅಂಗಾಲಿಗೆ ಬೆರಳಿನಿಂದ ಹೊಡೆದು ಎಬ್ಬಿಸುವುದು ಇವೆಲ್ಲ ಇನ್ನೂ ನಡೆಯುತ್ತಿವೆ. ನಿದ್ದೆಯಲ್ಲಿರುವ ಮಗುವಿಗೆ ಸುರಿದ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಹೋದರೂ ಕೆಲವು ಸಲ ಮಗು ಕೆಮ್ಮುವುದೇ ಇಲ್ಲ. ಈ ವಯಸ್ಸಿನಲ್ಲಿ ಕೆಮ್ಮುವ ಬದಲು ಉಸಿರು ಹಿಡಿದುಬಿಡುತ್ತವೆ. ಕೆಮ್ಮಲಿಲ್ಲ, ಹಾಗಾಗಿ ಸರಿಯಾಗಿ ಕುಡಿಯಿತು ಎನ್ನುವ ಲೆಕ್ಕ ತಪ್ಪು.

ನೆತ್ತಿಗೇರಿದರೆ ನೆತ್ತಿ ತಟ್ಟುತ್ತಾ ಊದುತ್ತಾ ಕೂರಬೇಡಿ. ಒಳಲೆ ತೆಗೆಯಿರಿ, ಮಗುವನ್ನು ಪಕ್ಕಕ್ಕೆ ತಿರುಗಿಸಿ ಮುಖ ಸ್ವಲ್ಪ ಕೆಳಗೆ ಬರುವಂತೆ ಹಿಡಿಯಿರಿ. ಬಾಯಲ್ಲಿರುವ ಹಾಲು ಹೊರಗೆ ಬರಲಿ, ಬೆನ್ನು ಚೆನ್ನಾಗಿ ಸವರಿ. ಬಣ್ಣ, ಉಸಿರು ತಕ್ಷಣ ಸರಿಹೋಗದಿದ್ದರೆ ಆಸ್ಪತ್ರೆಯಲ್ಲಿ ಕೂಗಿ ಕರೆಯಿರಿ, ಮನೆಯಲ್ಲಾದರೆ 108ಕ್ಕೆ ಫೋನ್ ಮಾಡಿ. ಡಿಸ್ಚಾರ್ಜ್‌ಗೆ ಮೊದಲು ಮಗುವಿಗೆ ಉಸಿರು ಕೊಡುವ ವಿಧಾನ ತೋರಿಸಿಕೊಡಿ ಎಂದು ಕೇಳಿ, ಗೊಂಬೆಯ ಮೇಲೆ ಮಾಡಿ ನೋಡಿ.

ಹಂತ 6: ಹಾಲಿರುವ ಎದೆಗೆ

ದಿನಕ್ಕೆ ಒಂದೇ ಸಲದಿಂದ ಶುರು ಮಾಡಿ. ಮಗು ಚೆನ್ನಾಗಿ ಎಚ್ಚರವಿರುವ ಹೊತ್ತನ್ನು ಆರಿಸಿ. ಸ್ನಾನವಾದ ತಕ್ಷಣ ಬೇಡ. ಕಣ್ಣಿನ ಪರೀಕ್ಷೆಯ ದಿನ ಹೊಸದನ್ನು ಶುರು ಮಾಡಬೇಡಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಮಕ್ಕಳಿಗೆ ಹೊಟ್ಟೆಯೂ ಸರಿ ಇರುವುದಿಲ್ಲ, ಸುಸ್ತೂ ಜಾಸ್ತಿ.

ಹಿಡಿಯುವ ರೀತಿಯೇ ಇಲ್ಲಿ ಅರ್ಧ ಕೆಲಸ. ತೊಡೆಯ ಮೇಲೆ ಅಡ್ಡ ಮಲಗಿಸಿ ಮೊಣಕೈ ಮಡಿಕೆಯಲ್ಲಿ ತಲೆ ಇಡುವ ಸಾಮಾನ್ಯ ಭಂಗಿ ಈ ಮಕ್ಕಳಿಗೆ ಆಗುವುದಿಲ್ಲ. ಕುತ್ತಿಗೆ ಮಡಚಿಹೋಗುತ್ತದೆ. ಕಂಕುಳ ಕೆಳಗಿನ ಹಿಡಿತ ಒಳ್ಳೆಯದು: ಮಗುವಿನ ಕಾಲು ನಿಮ್ಮ ಬೆನ್ನ ಕಡೆಗೆ, ಮೈ ನಿಮ್ಮ ಪಕ್ಕೆಗೆ ಅಂಟಿಕೊಂಡು, ತಲೆ ನಿಮ್ಮ ಅಂಗೈಯಲ್ಲಿ. ಕೆಳಗೆ ದಿಂಬು ಇಡಿ. ಮಗುವನ್ನು ಎದೆಯ ಮಟ್ಟಕ್ಕೆ ತನ್ನಿ, ಎದೆಯನ್ನು ಮಗುವಿನ ಮೇಲೆ ಬಗ್ಗಿಸಬೇಡಿ. ಸಿಸೇರಿಯನ್ ಆದವರಿಗೂ ಇದು ಹೊಟ್ಟೆಗೆ ಭಾರವಾಗುವುದಿಲ್ಲ.

ಹಾಲು ಜೋರಾಗಿ ಚಿಮ್ಮುವ ಎದೆಯಾದರೆ ಮೊದಲು ಸ್ವಲ್ಪ ಹಿಂಡಿ ತೆಗೆಯಿರಿ, ಆ ಚಿಮ್ಮುವಿಕೆ ಇಳಿಯಲಿ. ತೊಟ್ಟಿನಿಂದ ಮಗುವಿನ ಮೇಲ್ತುಟಿ ಸವರಿ, ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾಯಿರಿ. ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು. ಕೆಳದವಡೆ ಜೋತು ಬೀಳುತ್ತಿದ್ದರೆ ಎದೆ ಹಿಡಿದ ಕೈಯ ಹೆಬ್ಬೆರಳು, ತೋರುಬೆರಳುಗಳನ್ನು ಎರಡು ಕೆನ್ನೆಗೆ ಆನಿಸಿ, ಅವುಗಳ ನಡುವಿನ ಜಾಗದಲ್ಲಿ ಗದ್ದ ಕೂರುವ ಹಾಗೆ ಮಾಡಿ.

ಈ ಮಕ್ಕಳು ಮೂರು, ನಾಲ್ಕು, ಐದು ಸಲ ಚೀಪಿ ನಿಲ್ಲಿಸುತ್ತವೆ. ನಿಲ್ಲಿಸಿದಾಗ ಉಸಿರು ಸುಧಾರಿಸಿಕೊಳ್ಳುತ್ತಿರುತ್ತವೆ. ಅಷ್ಟರಲ್ಲಿ ಪಕ್ಕದಲ್ಲಿರುವ ಯಾರಾದರೂ "ಮಲಗಿಬಿಡ್ತು, ಕೆನ್ನೆ ತಟ್ಟು" ಎನ್ನುತ್ತಾರೆ. ತಟ್ಟಬೇಡಿ. ಅರ್ಧ ನಿಮಿಷ ಬಿಡಿ, ಮತ್ತೆ ಶುರು ಮಾಡುತ್ತದೆ. ಪೂರ್ತಿ ಬಿಟ್ಟು ಕೈ ಸಡಿಲವಾದರೆ ಮಾತ್ರ ಮುಗಿಯಿತು ಎಂದು ಲೆಕ್ಕ.

ಎಷ್ಟು ಕುಡಿಯಿತು ಎಂದು ತಿಳಿಯುವುದು ಹೇಗೆ? ನುಂಗುವ ಸಣ್ಣ ಸದ್ದು ಕೇಳಬೇಕು. ಎನ್‌ಐಸಿಯುನಲ್ಲಿ ಇನ್ನೂ ಖಚಿತವಾದ ದಾರಿ ಇದೆ: ಅದೇ ಬಟ್ಟೆ, ಅದೇ ಡೈಪರ್‌ನಲ್ಲಿ ಕುಡಿಯುವ ಮೊದಲು, ಕುಡಿದ ಮೇಲೆ ತೂಗುವುದು. ಒಂದು ಗ್ರಾಂ ಏರಿದರೆ ಹೆಚ್ಚುಕಮ್ಮಿ ಒಂದು ಎಂಎಲ್. ಮನೆಯಲ್ಲಿ ದೊಡ್ಡವರು ನಿಲ್ಲುವ ಮೆಷಿನ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ. ಅದಕ್ಕೆ ಹತ್ತಿಪ್ಪತ್ತು ಗ್ರಾಂ ಲೆಕ್ಕಕ್ಕೇ ಇಲ್ಲ.

ಹಂತ 7: ಟ್ಯೂಬ್, ಒಳಲೆ ಕಡಿಮೆ ಮಾಡುವುದು

ಅವಸರ ಇಲ್ಲಿ ತಲೆ ಹಾಕುತ್ತದೆ. ಒಂದು ಫೀಡ್ ಎದೆಯಲ್ಲಿ ಚೆನ್ನಾಗಿ ಆಯಿತು ಎಂದು ಮರುದಿನವೇ ಎಲ್ಲ ಫೀಡ್ ಎದೆಗೆ ಹಾಕುತ್ತಾರೆ. ಮೂರನೇ ದಿನ ಮಗು ಎದ್ದೇಳುವುದಿಲ್ಲ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗಿ. ಎದೆಯಲ್ಲಿ ಕುಡಿದ ಮೇಲೂ ಒಳಲೆಯಲ್ಲಿ ಸ್ವಲ್ಪ ಕೊಡುವುದನ್ನು ಡಾಕ್ಟರ್ ಹೇಳುವವರೆಗೆ ಬಿಡಬೇಡಿ.

ತೀರ್ಮಾನ ತೂಕದ್ದು. ಹುಟ್ಟಿದ ಮೊದಲ ವಾರ ತೂಕ ಇಳಿಯುವುದು ಸಹಜ. ಆಮೇಲೆ ಕೆಜಿಗೆ ದಿನಕ್ಕೆ 15ರಿಂದ 20 ಗ್ರಾಂ ಏರಬೇಕು, ಅಂದರೆ ಒಂದೂವರೆ ಕೆಜಿ ಮಗುವಿಗೆ ಸುಮಾರು 22ರಿಂದ 30 ಗ್ರಾಂ. ಒಂದು ದಿನದ ತೂಕ ನೋಡಿ ಹೆದರಬೇಡಿ, ಮೂರ್ನಾಲ್ಕು ದಿನದ ದಾರಿ ನೋಡಿ. ಏರದೆ ನಿಂತರೆ ಒಂದು ಹೆಜ್ಜೆ ಹಿಂದೆ ಹೋಗಿ. ರಕ್ತ ಕಡಿಮೆಯಾಗಿದ್ದರೂ ಮಗು ಕುಡಿಯುವಾಗ ಬೇಗ ಸುಸ್ತಾಗುತ್ತದೆ, ಅದನ್ನೂ ಡಾಕ್ಟರ್ ಹತ್ತಿರ ಕೇಳಿ.

ಹಾಲಿಗೆ ಬೆರೆಸುವ ಪುಡಿ, ವಿಟಮಿನ್ ಡಿ, ಕಬ್ಬಿಣದ ಹನಿ ಬರೆದುಕೊಟ್ಟಿದ್ದರೆ ಬರೆದಷ್ಟೇ ಕೊಡಿ. ಹಾಲು ತೆಳ್ಳಗಿದೆ ಎಂದು ಪುಡಿ ಜಾಸ್ತಿ ಹಾಕಿದರೆ ಮಗುವಿನ ಹೊಟ್ಟೆ ತಡೆಯುವುದಿಲ್ಲ.

ಬಾಟಲಿ ಬಗ್ಗೆ ಒಂದು ಮಾತು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಬಹಳಷ್ಟು ನಿಪ್ಪಲ್‌ಗಳ ಹರಿವು ಈ ಮಕ್ಕಳಿಗೆ ವಿಪರೀತ ಜೋರು. ತೊಳೆಯುವುದೂ ಕಷ್ಟ. 1992ರ ಕಾಯ್ದೆಯ ಪ್ರಕಾರ ಹಾಲಿನ ಬಾಟಲಿಗೂ ಡಬ್ಬಿ ಹಾಲಿಗೂ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಉಚಿತ ಸ್ಯಾಂಪಲ್ ಕೊಡುವಂತಿಲ್ಲ. ಬೇರೆ ದಾರಿಯಿಲ್ಲದೆ ಬಾಟಲಿಯೇ ಬೇಕಾದರೆ ನಿಧಾನ ಹರಿವಿನ ನಿಪ್ಪಲ್ ತನ್ನಿ, ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ ಕುಡಿಸಿ, ಕೆಲವು ಸಲ ಚೀಪಿದ ಮೇಲೆ ಬಾಟಲಿ ತಗ್ಗಿಸಿ ಉಸಿರಾಡಲು ಬಿಡಿ.

ಹಂತ 8: ಮನೆ

ಡಿಸ್ಚಾರ್ಜ್ ಆಗುವ ಮೊದಲು ಒಂದು ಹಗಲು, ಒಂದು ರಾತ್ರಿ ಎಲ್ಲ ಫೀಡ್‌ಗಳನ್ನೂ ನೀವೇ ಕೊಡಿ. ಸಿಸ್ಟರ್ ಕೈಯಲ್ಲಿ ಕುಡಿದ ಮಗು ಮನೆಯಲ್ಲಿ ಕುಡಿಯದಿರುವುದಕ್ಕೆ ದೊಡ್ಡ ಕಾರಣ ಇಷ್ಟೇ: ಅವರ ಕೈಗೆ ಗತಿ ಗೊತ್ತಿತ್ತು, ನಿಮ್ಮ ಕೈಗೆ ಅಭ್ಯಾಸವಾಗಿಲ್ಲ. ಮನೆಯಲ್ಲಿ ಒಬ್ಬರು ಅಥವಾ ಇಬ್ಬರೇ ಕುಡಿಸಲಿ. ನೋಡಲು ಬಂದ ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯವರು ತಾವೂ ಒಂದು ಕೈ ನೋಡುತ್ತೇನೆ ಅಂದರೆ ನಯವಾಗಿ ಬೇಡ ಅನ್ನಿ.

ಬಾಣಂತನದ ಮನೆಯಲ್ಲಿ ಅಜ್ಜಿಯ ಜೊತೆ ಜಗಳ ಬೇಡ, ಆದರೆ ಕೆಲವು ವಿಷಯಕ್ಕೆ ಸೋಲಬೇಡಿ. ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ, ಸಕ್ಕರೆ ನೀರು, ಗ್ರೈಪ್ ವಾಟರ್, ಹಸುವಿನ ಹಾಲು ಯಾವುದೂ ಬೇಡ. ಬಾಯಿಗೆ, ಮೂಗಿಗೆ ಹರಳೆಣ್ಣೆ ಬಿಡುವುದು ಬೇಡ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬಹಳ ಕಷ್ಟ. ಸ್ನಾನದ ಮೇಲೆ ಸಾಂಬ್ರಾಣಿ ಹೊಗೆಯೂ ಬೇಡ. ಅಜ್ಜಿಗೆ ಕೆಲಸ ಕೊಡುವುದಾದರೆ ಕಾಂಗರೂ ಆರೈಕೆ ಕೊಡಿ. ಅವರ ಎದೆಯ ಬಿಸಿಯೂ ಬಿಸಿಯೇ ಅಲ್ವಾ?

ಡಿಸೆಂಬರ್, ಜನವರಿಯ ಬೆಂಗಳೂರಿನ ಬೆಳಗಿನ ಜಾವ ಈ ಮಕ್ಕಳಿಗೆ ಚಳಿ ಹತ್ತುತ್ತದೆ. ಮೈ ತಣ್ಣಗಾದ ಮಗು ಕುಡಿಯುವುದಿಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ರಾತ್ರಿ ಒಂದೇ ಸಮನೆ ಮೂರು ತಾಸಿಗಿಂತ ಹೆಚ್ಚು ಮಲಗಲು ಬಿಡಬೇಡಿ, ಅದು ಎಬ್ಬಿಸದೆ ಏಳುವ ಮಗುವಲ್ಲ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ನಿಮ್ಮ ನೋಟ್‌ಬುಕ್ ತೋರಿಸಿ, ಎದುರಿಗೇ ಒಂದು ಫೀಡ್ ಕೊಟ್ಟು ತೋರಿಸಿ.

ಕಾಯದೆ ಆಸ್ಪತ್ರೆಗೆ ಹೊರಡಬೇಕಾದ ಸೂಚನೆಗಳು

ಹಸಿರು ವಾಂತಿ. ಮಲದಲ್ಲಿ ರಕ್ತ. ಹೊಟ್ಟೆ ಉಬ್ಬಿ ಬಿಗಿಯಾಗುವುದು. ಈ ಮೂರರಲ್ಲಿ ಯಾವುದು ಕಂಡರೂ ಹಾಲು ನಿಲ್ಲಿಸಿ ಹೊರಡಿ, ಕರುಳಿನ ಸೋಂಕಿರಬಹುದು. ಕುಡಿದ ಮೇಲೆ ಸ್ವಲ್ಪ ಬಿಳಿ ಹಾಲು ಕಕ್ಕುವುದು ಬೇರೆ, ಅದಕ್ಕೆ ಗಾಬರಿ ಬೇಡ.

ಉಸಿರು 20 ಸೆಕೆಂಡ್ ನಿಲ್ಲುವುದು, ತುಟಿ ನೀಲಿಯಾಗುವುದು, ಪಕ್ಕೆ ಸೆಳೆತ, ಪ್ರತಿ ಫೀಡ್‌ನಲ್ಲೂ ಉಸಿರಿನಲ್ಲಿ ಗೊರಗೊರ ಸದ್ದು, ಎರಡು ಫೀಡ್ ಸಾಲಾಗಿ ಬಿಡುವುದು, ಎಬ್ಬಿಸಿದರೂ ಏಳದಿರುವುದು, ಬೆಚ್ಚಗೆ ಮಾಡಿದರೂ ಮೈ ತಣ್ಣಗೇ ಇರುವುದು ಅಥವಾ ಜ್ವರ ಇವು ಕಂಡರೂ ಅಷ್ಟೇ. ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಉಚ್ಚೆ ಹೊಯ್ದರೆ ಅದೇ ದಿನ ಡಾಕ್ಟರ್‌ಗೆ ತೋರಿಸಿ.

ಹೊರಡುವಾಗ ಡಿಸ್ಚಾರ್ಜ್ ಪತ್ರ, ನೋಟ್‌ಬುಕ್ ಕೈಗೆ ತೆಗೆದುಕೊಳ್ಳಿ. ಮಗುವನ್ನು ಬಟ್ಟೆಯಲ್ಲಿ ಮೂಟೆ ಕಟ್ಟಬೇಡಿ. ಎದೆಗೆ ಅಂಟಿಸಿ, ಮೇಲೆ ಶಾಲು ಹೊದ್ದು, ಮುಖ ಪಕ್ಕಕ್ಕೆ ಕಾಣುವಂತೆ ಹಿಡಿದು ಆಂಬುಲೆನ್ಸ್ ಹತ್ತಿ. ದಾರಿಯಲ್ಲಿ ಯಾರು ಎಷ್ಟೇ ಹೇಳಿದರೂ ಬಾಯಿಗೆ ಹಾಲು ಬಿಡಬೇಡಿ.